ಗೆಳೆಯರ ಸರಳ ಮದುವೆಯನ್ನು ಮೂರು ದಿನದ ಹಬ್ಬವಾಗಿಸುವುದು ಹೇಗೆ?

ಛತ್ರ, ವಾಲಗ, ಆರತಕ್ಷತೆಯ ಉದ್ದನೆಯ ಸಾಲು ಯಾವುದೂ ಬೇಡವೆಂದು ತೀರ್ಮಾನಿಸಿದ ಗೆಳೆಯರ ಮದುವೆಯನ್ನು ಬೆಂಗಳೂರಿನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ನಡೆಸಿಕೊಡುವ ಹೊಣೆ ಸಾಮಾನ್ಯವಾಗಿ ಸ್ನೇಹಿತರ ಮೇಲೆಯೇ ಬೀಳುತ್ತದೆ. ಇಂತಹ ಹಲವು ಮದುವೆಗಳಲ್ಲಿ ಓಡಾಡಿದ ನಾನು ಕಂಡಂತೆ, ಊಟದಲ್ಲೋ ಹಾಡಿನಲ್ಲೋ ಎಡವಿದವರು ಕಡಿಮೆ; ನೋಂದಣಿಯ ದಿನಾಂಕದಲ್ಲಿ ಎಡವಿದವರೇ ಹೆಚ್ಚು. ಆದ್ದರಿಂದ ಆಹ್ವಾನ ಪತ್ರಿಕೆಗೆ ಕೈ ಹಾಕುವ ಮೊದಲು ನೋಟಿಸಿನ, ಅಂದರೆ ಮದುವೆಯಾಗುವ ಉದ್ದೇಶವನ್ನು ಸರ್ಕಾರಿ ಕಚೇರಿಗೆ ಬರೆದು ತಿಳಿಸುವ, ಕೆಲಸ ಮುಗಿಸಬೇಕು.

ಪುರೋಹಿತರಿಲ್ಲದ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯನ್ನೇ ಹಿಡಿಯಿರಿ. ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ವಧೂವರರಲ್ಲಿ ಒಬ್ಬರ ಕಡೆಯ ಸಾಂಪ್ರದಾಯಿಕ ವಿಧಿಗಳನ್ನು ಕೇಳುತ್ತದೆ. ವಿಧಿಗಳು ನಡೆಯದೆ ಕೇವಲ ನೋಂದಣಿ ಪತ್ರದಿಂದ ಆ ಕಾಯ್ದೆಯಡಿ ಮದುವೆಯಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಶೇಷ ವಿವಾಹ ಕಾಯ್ದೆಯಲ್ಲಾದರೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು, ಅನಂತರ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ನೋಟಿಸು ಪ್ರಕಟವಾದ ಮೇಲೆ ತಕರಾರಿಗೆಂದು 30 ದಿನ ಕಾಯಬೇಕು. ಹಾಗೆಂದು ಬಹಳ ತಡಮಾಡುವಂತೆಯೂ ಇಲ್ಲ, ಏಕೆಂದರೆ ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ರದ್ದಾಗಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ನೋಟಿಸಿನಿಂದ 45ನೇ ದಿನಕ್ಕೂ 60ನೇ ದಿನಕ್ಕೂ ನಡುವಿನ ಒಂದು ವಾರಾಂತ್ಯವನ್ನು ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಒಂದು ಮದುವೆಯಲ್ಲಿ ಪತ್ರಿಕೆ ಹಂಚಿದ ಮೇಲೆ, ಮದುವೆಗೆ ಇಪ್ಪತ್ತು ದಿನವಿದೆ ಎನ್ನುವಾಗ ನೋಟಿಸಿನ ನೆನಪಾಯಿತು. ಹಬ್ಬವೇನೋ ಆ ವಾರಾಂತ್ಯದಲ್ಲೇ ನಡೆಯಿತು, ಆದರೆ ಸಹಿ ಬಿದ್ದದ್ದು ಎರಡು ವಾರದ ನಂತರ. ಮೊಮ್ಮಗಳು ಸಹಿ ಹಾಕುವುದನ್ನು ನೋಡಲೆಂದೇ ಹಾಸನದಿಂದ ಬಂದಿದ್ದ ಅಜ್ಜಿ ಅಷ್ಟರಲ್ಲಿ ಊರಿಗೆ ಮರಳಿದ್ದರು. ಆ ನೋವು ನನ್ನಲ್ಲಿ ಇನ್ನೂ ಉಳಿದಿದೆ.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ವಧು ಅಥವಾ ವರನ ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ, ನೋಟಿಸಿನ ಪ್ರತಿ ಅಲ್ಲಿನ ವಿವಾಹಾಧಿಕಾರಿಯ ಕಚೇರಿಗೂ ಹೋಗಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟುತ್ತದೆ. ಮನೆಯವರಿಗೆ ಈ ಸುದ್ದಿ ಕಚೇರಿಯ ಗೋಡೆಯಿಂದ ತಲುಪಬಾರದು. ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮೊದಲೇ ತಂದೆತಾಯಿಯರಿಗೆ ಖುದ್ದಾಗಿ ತಿಳಿಸುವಂತೆ ಗೆಳೆಯರಿಗೆ ಹೇಳಿ. ವಿರೋಧದಿಂದ ಜೀವಭಯವಿದ್ದರೆ ಮಾತ್ರ ಈ ಮಾತು ಅನ್ವಯಿಸದು. ಅಂಥವರು ಮೊದಲು ವಕೀಲರನ್ನು ಕಾಣಬೇಕು.

ನೋಂದಣಿಯನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಿ, ಏಕೆಂದರೆ ಎರಡನೇ ಮತ್ತು ನಾಲ್ಕನೇ ಶನಿವಾರ ರಾಜ್ಯ ಸರ್ಕಾರಿ ಕಚೇರಿಗಳಿಗೆ ರಜೆ. ಮೂವರು ಸಾಕ್ಷಿಗಳು ಬೇಕು. ನಾಲ್ಕನೆಯವರೊಬ್ಬರನ್ನೂ ಸಿದ್ಧವಾಗಿಡಿ, ಎಲ್ಲರೂ ಮೂಲ ಗುರುತಿನ ಚೀಟಿ ತಂದಿದ್ದಾರೆಯೇ ಎಂದು ಹಿಂದಿನ ರಾತ್ರಿಯೇ ವಿಚಾರಿಸಿ. ಅಧಿಕಾರಿಯ ಮುಂದೆ ವಧೂವರರು ಪರಸ್ಪರರನ್ನು ಕಾನೂನುಬದ್ಧ ಪತಿ, ಪತ್ನಿಯಾಗಿ ಸ್ವೀಕರಿಸುವ ಮಾತನ್ನು ಬಾಯಿಬಿಟ್ಟು ಹೇಳಬೇಕು, ಮತ್ತು ಅವರಿಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು. ಕನ್ನಡದಲ್ಲಿ ಹೇಳುವವರು ಮೊದಲೇ ಒಂದೆರಡು ಸಲ ಗಟ್ಟಿಯಾಗಿ ಹೇಳಿ ನೋಡಿಕೊಂಡರೆ ಆ ಕ್ಷಣದಲ್ಲಿ ತಡವರಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಪರವೂರಿನ ನೆಂಟರನ್ನು ಲಾಲ್‌ಬಾಗಿನ ಬಂಡೆಯ ಮೇಲೆ ಕರೆದೊಯ್ಯಿರಿ; ಅಲ್ಲಿಂದ ಗಾಂಧಿ ಬಜಾರಿನ ತಿಂಡಿಗೆ ನಡೆದೇ ಹೋಗಬಹುದು. ವಾಹನಗಳ ಸಾಲಿಗಿಂತ ಮೆಟ್ರೋ ಲೇಸು, ಆದರೆ ಭಾನುವಾರ ಅದು ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ ಎಂಬುದು ನೆನಪಿರಲಿ.

ಸಂಜೆಯ ಸಮಾರಂಭಕ್ಕೆ ಮಂತ್ರ ಮಾಂಗಲ್ಯಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಈ ಕ್ರಮದಲ್ಲಿ ನಡೆಸಿದರು: ಪುರೋಹಿತರಿಲ್ಲ, ಆಡಂಬರವಿಲ್ಲ, ಬಂದವರ ಎದುರಿನಲ್ಲಿ ಪ್ರತಿಜ್ಞೆ. ಪ್ರತಿಜ್ಞೆಯನ್ನು ಓದುವವರು ಗಂಭೀರ ಧ್ವನಿಯ ಹಿರಿಯರಾಗಿರಲಿ, ಮೊಬೈಲಿನಿಂದಲ್ಲದೆ ಕಾಗದದಿಂದ ಓದಲಿ. ಅದಾದ ಮೇಲೆ ಗೆಳೆಯರ ಮಾತು, ಹಾಡು, ಕುಣಿತ ಏನಿದ್ದರೂ ಸರಿ. ಒಬ್ಬೊಬ್ಬರಿಗೆ ಮೂರು ನಿಮಿಷ ಸಾಕು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿರುವುದರಿಂದ, ತಾರಸಿಯಲ್ಲಿ ಸೇರಿದವರು ಕುಣಿತವನ್ನು 7ಕ್ಕೇ ಆರಂಭಿಸಿ, 10ರ ಬಳಿಕ ಅಂತ್ಯಾಕ್ಷರಿಗೆ ಕೂರುವುದು ಒಳ್ಳೆಯದು.

ಹೂವನ್ನು ಶನಿವಾರ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಯಿಂದಲೇ ತನ್ನಿ. ಸುಗಂಧರಾಜದ ಎರಡು ಹಾರ, ಸೇವಂತಿಗೆಯ ಕೆಲವು ಮಾರು, ಮುಡಿಯಲು ಮಲ್ಲಿಗೆ ಇಷ್ಟಿದ್ದರೆ ಮನೆ ತುಂಬುತ್ತದೆ. ಸಿಡಿಸುವ ಹೊಳಪು ಕಾಗದದ ಕೊಳವೆಗಳನ್ನು ಖಂಡಿತ ಕೊಳ್ಳಬೇಡಿ. ಆ ಚೂರುಗಳು ಗಿಡದ ಬುಡದಿಂದ ತಿಂಗಳಾದರೂ ಹೋಗುವುದಿಲ್ಲ. ಬಾಳೆಲೆಯ ಚಿತ್ರ ಮುದ್ರಿಸಿದ ಕಾಗದದ ಎಲೆಯೂ ಬೇಡ. ಅದರ ಮೇಲಿನ ಪ್ಲಾಸ್ಟಿಕ್ ಪೊರೆ ಬಿಸಿ ಅನ್ನಕ್ಕೆ ಸುಕ್ಕುಗಟ್ಟುತ್ತದೆ, ಸಾರು ಅಂಚಿನಿಂದ ಹರಿದುಹೋಗುತ್ತದೆ. ನಿಜವಾದ ಬಾಳೆಲೆ ಸಿಗದಿದ್ದರೆ ಮುತ್ತುಗದ ಎಲೆಯಾಗಲಿ, ಅಡಿಕೆ ಹಾಳೆಯ ತಟ್ಟೆಯಾಗಲಿ ಇರಲಿ.

ಭಾನುವಾರದ ಕೆಲಸ ಸ್ವಲ್ಪವೇ: ಹಾರಗಳ ನೂಲು ಬಿಡಿಸಿ ಹೂವನ್ನು ಗೊಬ್ಬರಕ್ಕೆ ಹಾಕುವುದು, ಊರಿಗೆ ಹೊರಟವರಿಗೆ ಬುತ್ತಿ ಕಟ್ಟುವುದು. ದೂರದ ಪ್ರಯಾಣದಲ್ಲಿ ಮೊಸರನ್ನ ಸಂಜೆಗೆ ಹುಳಿಯಾಗುವುದರಿಂದ ಪುಳಿಯೋಗರೆಯನ್ನೇ ಕಟ್ಟಿ. ಗೊಜ್ಜನ್ನು ಗುರುವಾರವೇ ಮಾಡಿಟ್ಟಿದ್ದರೆ ಬೆಳಿಗ್ಗೆ ಅನ್ನ ಆರಿಸಿ ಕಲಸುವುದಷ್ಟೇ ಉಳಿದಿರುತ್ತದೆ.