ಮತ್ತಾಯನ ವಂಶಾವಳಿಯನ್ನು ಹಗ್ಗಕ್ಕೆ ಕಟ್ಟಿ ಕಲಿಸಿದೆ

ಬೈಬಲಿನ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ ಆರಂಭವಾಗುವುದೇ ಅಬ್ರಹಾಮನಿಂದ ಯೇಸುವಿನವರೆಗಿನ ಹೆಸರುಗಳ ಪಟ್ಟಿಯಿಂದ. ಅದನ್ನು ಮಕ್ಕಳಿಗೆ ಕಲಿಸುತ್ತೇನೆ ಎಂದಾಗ ನಮ್ಮ ಸಭೆಯ ಹಿರಿಯರೊಬ್ಬರು, ‘ಹದಿನೇಳು ವಚನ ಬಿಟ್ಟು ಹದಿನೆಂಟರಿಂದ ಆರಂಭಿಸಿ, ಇಲ್ಲದಿದ್ದರೆ ಮಕ್ಕಳು ನಿದ್ದೆ ಹೋಗುತ್ತಾರೆ’ ಎಂದರು. ಸಂಡೆ ಸ್ಕೂಲಿನ ಉಳಿದ ಶಿಕ್ಷಕಿಯರಿಗೂ ಅದೇ ಅನುಮಾನ. ಮೂರು ವರ್ಷ ಸೋತೆ, ನಾಲ್ಕನೆಯ ವರ್ಷ ಕೈಗೂಡಿತು. ಈಗ ನನ್ನ ತರಗತಿಯ ಹತ್ತು ವರ್ಷದ ಹುಡುಗಿ ಯೆಕೊನ್ಯ ಯಾರೆಂದು ನಿಂತ ನಿಲುವಿನಲ್ಲಿ ಹೇಳುತ್ತಾಳೆ. ನಿಮ್ಮ ಸಭೆಯ ದೊಡ್ಡವರನ್ನು ಕೇಳಿ ನೋಡಿ.

ಮೊದಲ ವರ್ಷ ಕಂಠಪಾಠದ ಸ್ಪರ್ಧೆ ಇಟ್ಟೆ. ಬಹುಮಾನಗಳಿಗೆ ಸುಮಾರು 900 ರೂಪಾಯಿ ಹೋಯಿತು. ಗೆದ್ದ ಹುಡುಗ ಒಂದೇ ಉಸಿರಿಗೆ ಅಷ್ಟನ್ನೂ ಒಪ್ಪಿಸಿದ. ಮುಂದಿನ ಭಾನುವಾರ ಪಟ್ಟಿಯಲ್ಲಿರುವ ಪೆರೆಚನ ತಾಯಿ ಯಾರು ಎಂದರೆ ಬಾಯಿ ಬಿಡಲಿಲ್ಲ. ಎರಡನೆಯ ವರ್ಷ ಮರದ ಚಿತ್ರವಿರುವ ಫ್ಲೆಕ್ಸ್ ಮಾಡಿಸಿದೆ, ಎರಡು ಸಾವಿರದ ಮೇಲಾಯಿತು. ಹಿಂದಿನ ಸಾಲಿಗೆ ಅಕ್ಷರ ಕಾಣದು, ಮುಂದಿನ ಸಾಲಿಗೆ ಅರ್ಥವಾಗದು. ಮೂರನೆಯ ವರ್ಷ ಆದಾಮನಿಂದ ಹೊರಟು ನೋಹನ ಹತ್ತಿರ ಬರುವಷ್ಟರಲ್ಲಿ ಬೇಸಿಗೆ ರಜೆ ಬಂತು.

ತಪ್ಪು ಎಲ್ಲಿದೆ ಎಂದು ಹೊಳೆದದ್ದು ಬೈಬಲಿನ ಎರಡನೆಯ ಅರಸುಗಳ ಗ್ರಂಥದ ಹನ್ನೊಂದನೆಯ ಅಧ್ಯಾಯ ಓದುವಾಗ. ನಾನು ಹೆಸರುಗಳನ್ನು ಕಲಿಸುತ್ತಿದ್ದೆ. ಕಲಿಸಬೇಕಾದದ್ದು ಆ ಸಾಲು ಇನ್ನೇನು ಕಡಿಯಿತು ಎನ್ನುವ ಜಾಗಗಳನ್ನು.

ಇಪ್ಪತ್ತು ಮೀಟರ್ ನೈಲಾನ್ ಹಗ್ಗ, 42 ಬಟ್ಟೆ ಕ್ಲಿಪ್, ರಟ್ಟಿನ ಕಾರ್ಡು, ಎಲ್ಲ ಸೇರಿ 300 ರೂಪಾಯಿಯ ಒಳಗೆ. ಸಭೆಯ ಹಿತ್ತಲಿನಲ್ಲಿ ತೆಂಗಿನ ಮರದಿಂದ ಮಾವಿನ ಮರಕ್ಕೆ ಕಟ್ಟಿದೆ. ಮತ್ತಾಯ ಹದಿನಾಲ್ಕು ತಲೆಮಾರುಗಳ ಮೂರು ಭಾಗ ಎನ್ನುತ್ತಾನೆ, ಹದಿನಾಲ್ಕು ಮೂರಲ 42 ಎಂದು ಕ್ಲಿಪ್ ತಂದಿದ್ದೆ, ಒಂದು ಮಿಕ್ಕಿತು. ಎಣಿಸಿದ್ದು ಒಬ್ಬ ಹುಡುಗ: ಬಾಬಿಲೋನಿನ ಸೆರೆಯಿಂದ ಕ್ರಿಸ್ತನವರೆಗಿನ ಭಾಗದಲ್ಲಿ ಅರಸ ಯೆಕೊನ್ಯನನ್ನು ಮತ್ತೊಮ್ಮೆ ಲೆಕ್ಕಕ್ಕೆ ಹಿಡಿಯದಿದ್ದರೆ ಹದಿಮೂರೇ ಹೆಸರು. ತಾಮಾರ್, ರಹಾಬ್, ರೂತ್, ಊರೀಯನ ಹೆಂಡತಿ, ಈ ನಾಲ್ವರ ಕಾರ್ಡುಗಳನ್ನು ಅವರ ಮಕ್ಕಳ ತಂದೆಯರ ಕಾರ್ಡಿನ ಕೆಳಗೆ ಕೆಂಪು ದಾರದಲ್ಲಿ ಇಳಿಬಿಟ್ಟೆ.

ಇನ್ನು ಮುಖ್ಯ ಜಾಗ. ದಾವೀದನ ವಂಶದ ಯೆಹೂದದ ಅರಸರಾದ ಯೆಹೋರಾಮನಿಗೂ ಉಜ್ಜೀಯನಿಗೂ ನಡುವೆ ಹಗ್ಗ ಕತ್ತರಿಸಿ, ಅಲ್ಲಿ ಹೊಲಿಗೆಯ ಬಿಳಿ ದಾರ ಕಟ್ಟಿದೆ. ಮತ್ತಾಯ ಅಲ್ಲಿ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಬಿಟ್ಟಿದ್ದಾನೆ. ಸಾಲು ಅತ್ಯಂತ ತೆಳ್ಳಗಾದ ಜಾಗದಲ್ಲಿ ಪಟ್ಟಿಯಲ್ಲಿ ಹೆಸರೇ ಇಲ್ಲ. ಯೆಹೋರಾಮ ತಮ್ಮಂದಿರನ್ನು ಕೊಂದ. ಅರಬಿಯರ ಜೊತೆ ಬಂದ ದಂಡು ಅವನ ಮಕ್ಕಳಲ್ಲಿ ಕಿರಿಯನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಂದಿತು. ಆ ಕಿರಿಯ ಅಹಜ್ಯನನ್ನು ಇಸ್ರಾಯೇಲಿನ ದಂಡನಾಯಕನಾಗಿದ್ದ ಯೇಹು ಕೊಂದ. ಮಗ ಸತ್ತನೆಂದು ತಿಳಿದ ಅತಲ್ಯ ರಾಜವಂಶವನ್ನೇ ಅಳಿಸಲು ಎದ್ದಳು. ಉಳಿದದ್ದು ಹಾಲುಗೂಸು ಯೋವಾಷ ಒಬ್ಬನೇ. ಸೋದರತ್ತೆ ಯೆಹೋಷೆಬ ಅವನನ್ನು ದಾದಿಯ ಸಮೇತ ಹಾಸಿಗೆಗಳ ಕೋಣೆಯಲ್ಲಿ ಬಚ್ಚಿಟ್ಟಳು. ಆರು ವರ್ಷ ಅವನು ದೇವಾಲಯದಲ್ಲಿ ಅಡಗಿದ್ದ.

ಒಬ್ಬ ಹುಡುಗಿಯ ಕೈಗೆ ಕತ್ತರಿ ಕೊಟ್ಟು ದಾರದ ಹತ್ತಿರ ನಿಲ್ಲಿಸಿದೆ. ಇಪ್ಪತ್ತಮೂರು ಮಕ್ಕಳಿದ್ದರು, ಒಬ್ಬರೂ ಉಸಿರೆತ್ತಲಿಲ್ಲ. ಸಿಂಹಾಸನ ನಿನ್ನ ಸಂತಾನಕ್ಕೇ ಎಂದು ದಾವೀದನಿಗೆ ದೇವರು ಕೊಟ್ಟ ಮಾತು ಆ ಗಳಿಗೆಯಲ್ಲಿ ಒಂದು ಕೂಸಿನ ಉಸಿರಿಗೆ ಜೋತುಬಿದ್ದಿತ್ತು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ದಾರವನ್ನು ಹಗ್ಗಕ್ಕೆ ಹಾಕುವ ಗಂಟಿನಲ್ಲಿ ಒಂದು ಉಪಾಯವಿದೆ, ಹಗ್ಗದ ಭಾರಕ್ಕೆ ಅದು ಹರಿಯುವುದಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಎರಡನೆಯ ದಾರ ಯೆಕೊನ್ಯನ ಹತ್ತಿರ. ‘ಅವನು ನನ್ನ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತೆಸೆಯುತ್ತಿದ್ದೆ’ ಎಂದು ದೇವರು ಪ್ರವಾದಿ ಯೆರೆಮೀಯನ ಮೂಲಕ ಹೇಳಿದ. ಅವನ ಸಂತಾನದಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕೂರುವುದಿಲ್ಲ ಎಂದೂ ಹೇಳಿದ. ಕ್ರಿ.ಪೂ. 597ರಲ್ಲಿ ಅವನು ಬಾಬಿಲೋನಿಗೆ ಸೆರೆಹೋದ. ಬಾಬಿಲೋನಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಅವನಿಗೂ ಅವನ ಐವರು ಮಕ್ಕಳಿಗೂ ಕೊಟ್ಟ ಎಣ್ಣೆಯ ಲೆಕ್ಕವಿದೆ. ಇದನ್ನು ಹೇಳುವ ದಿನ ಲೋಟದಲ್ಲಿ ಎಣ್ಣೆ ಒಯ್ದಿದ್ದೆ. ‘ಅರಸನಿಗೂ ಪಡಿತರವೇ ಟೀಚರ್?’ ಎಂದು ಒಬ್ಬಳು ಕೇಳಿದಳು. ಹೌದು, ಪಡಿತರವೇ. ಅದೇ ಎಣ್ಣೆ ತಿಂದ ಮನೆಯಿಂದಲೇ ಯೆಕೊನ್ಯನ ಮೊಮ್ಮಗ ಜೆರುಬ್ಬಾಬೆಲ್ ಬಂದ. ಪ್ರವಾದಿ ಹಗ್ಗಾಯನ ಗ್ರಂಥದ ಕೊನೆಯ ವಚನ ತೆರೆದರೆ ದೇವರು ಅವನನ್ನು ಮುದ್ರೆಯುಂಗುರದಂತೆ ಮಾಡುತ್ತೇನೆ ಎನ್ನುತ್ತಾನೆ. ಕಿತ್ತೆಸೆದ ಉಂಗುರವನ್ನು ಮೊಮ್ಮಗನ ಕಾಲದಲ್ಲಿ ಮತ್ತೆ ಬೆರಳಿಗೆ ತೊಟ್ಟ. ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಲೂಕನ ಸುವಾರ್ತೆಯಲ್ಲಿರುವ ಯೇಸುವಿನ ವಂಶದ ಪಟ್ಟಿಗೆ ಇನ್ನೊಂದು ಹಗ್ಗ ಕಟ್ಟಲು ಹೋದೆ. ದಾವೀದನ ನಂತರ ಅದು ಅವನ ಇನ್ನೊಬ್ಬ ಮಗ ನಾತಾನನ ಕಡೆ ತಿರುಗಿ, ಶೆಯಲ್ತಿಯೇಲ್ ಮತ್ತು ಜೆರುಬ್ಬಾಬೆಲರಲ್ಲಿ ಸೇರಿ, ಮತ್ತೆ ಅಗಲುತ್ತದೆ. ಮೂರು ಭಾನುವಾರ ಅದರಲ್ಲೇ ಕಳೆದವು. ಚಿಕ್ಕ ಮಕ್ಕಳಿಗೆ ಬೇಡ. ಅವರವರ ಮನೆತನದ ಹೆಸರು ತರಲು ಹೇಳಿದ್ದು ಮಾತ್ರ ಫಲ ಕೊಟ್ಟಿತು. ಹೆಚ್ಚಿನವರು ಮುತ್ತಾತನಲ್ಲಿ ನಿಂತರು. ಉತ್ತರ ಕರ್ನಾಟಕದ ಒಬ್ಬ ಅಜ್ಜಿ, ತಮ್ಮ ಬಾಲ್ಯದಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆಯ ಮುಂದೆ ವಂಶ ಹೇಳುತ್ತಿದ್ದುದನ್ನು ನೆನೆದು ಮಕ್ಕಳಿಗೆ ಹೇಳಿದರು. ಹೆಸರು ಹೇಳುವವನಿಗೆ ಕಾಳು ಅಳೆದುಕೊಡುತ್ತಿದ್ದ ಮನೆಗಳು ನಮ್ಮವು ಎಂದು ತಿಳಿದ ಮೇಲೆ ಮತ್ತಾಯ ಅವರಿಗೆ ದೂರದವನಾಗಿ ಉಳಿಯಲಿಲ್ಲ.

ಕೊನೆಯ ಭಾನುವಾರ ಆ ಹಿರಿಯರು ಹಿತ್ತಲಿಗೆ ಬಂದು, ಯೆಹೋರಾಮನ ಕಾರ್ಡಿನ ಪಕ್ಕದ ದಾರವನ್ನು ಬೆರಳಿನಲ್ಲಿ ಮೆಲ್ಲಗೆ ಎಳೆದು ನೋಡಿದರು. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲಕ್ಕೆ ಇದನ್ನು ದೊಡ್ಡವರಿಗೂ ಮಾಡಿ ಎಂದಿದ್ದಾರೆ. ಅಕ್ಷರ ದೊಡ್ಡದಾಗಬೇಕು, ಕಾರ್ಡುಗಳನ್ನು ಹೊಸದಾಗಿ ಬರೆಯುತ್ತಿದ್ದೇನೆ, ಅರಸ ಆಸನ ಹೆಸರಿನವರೆಗೆ ಮುಗಿದಿದೆ.