ಕನಗನಹಳ್ಳಿಯ ಕಲ್ಲುಗಳನ್ನು ನೋಡುವುದು ಹೇಗೆ?

ಭಾನುವಾರ ಬಂತೆಂದರೆ ಕಲಬುರಗಿ, ಯಾದಗಿರಿ ಕಡೆಯಿಂದ ಭೀಮಾ ದಂಡೆಯ ಸನ್ನತಿಗೆ ಗಾಡಿಗಳು ಹೊರಡುತ್ತವೆ. ನಡು ಮಧ್ಯಾಹ್ನಕ್ಕೆ ತಲುಪಿ, ಅಲ್ಲಿನ ದೇವಿ ಚಂದ್ರಲಾಂಬೆಗೆ ಕಾಯಿ ಒಡೆಸಿ, ಬ್ಯಾರೇಜಿನ ಹತ್ತಿರ ಫೋಟೊ ತೆಗೆಸಿಕೊಂಡು, ಹೇಗೂ ಬಂದಿದ್ದೇವಲ್ಲ ಎಂದು ಸುಮಾರು 3 ಕಿ.ಮೀ. ದೂರದ ಕನಗನಹಳ್ಳಿಗೂ ಒಂದು ಸುತ್ತು ಹಾಕುತ್ತಾರೆ. ಉರಿಬಿಸಿಲಿನಲ್ಲಿ ಬೆಳ್ಳಗೆ ಕಣ್ಣು ಕುಕ್ಕುವ ಕಲ್ಲು ನೋಡಿ ‘ಇಷ್ಟ ಏನ್ರಿ ಇಲ್ಲಿರೋದು?’ ಎಂದು ಕಾವಲುಗಾರರನ್ನು ಕೇಳಿ ಹಿಂದಿರುಗುತ್ತಾರೆ. ಅಶೋಕನ ಹೆಸರನ್ನೇ ಕೆತ್ತಿರುವ ಅವನ ಶಿಲ್ಪ ಸಿಕ್ಕ ಜಾಗ ಅದು. ಅಲ್ಲಿಯವರೆಗೆ ಹೋಗಿಯೂ ನೋಡದೆ ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ತಪ್ಪು ಅವರ ಆಸಕ್ತಿಯದಲ್ಲ. ಹೋದ ಹೊತ್ತಿನದು, ನಿಂತ ಜಾಗದ್ದು.

ಹಂತ 1: ದಿನ ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಮಾತ್ರ ಹೋಗಿ. ಮಾರ್ಚ್ ನಂತರ ಭೀಮಾ ದಂಡೆಯ ಧಗೆಯಲ್ಲಿ ಮಕ್ಕಳು, ಹಿರಿಯರು ನಿಲ್ಲಲಾರರು. ಅಮಾವಾಸ್ಯೆ, ಹುಣ್ಣಿಮೆ, ಜಾತ್ರೆಯ ದಿನಗಳು ದೇವಿಯ ದರ್ಶನಕ್ಕೆ ಒಳ್ಳೆಯವು, ಶಿಲ್ಪ ನೋಡಲು ಅಲ್ಲ. ಇನ್ನೊಂದು ಮಾತು: ಸನ್ನತಿ, ಮಳಖೇಡ, ಗಾಣಗಾಪುರ ಮೂರನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎನ್ನುವ ಟೆಂಪೊದವರ ಮಾತು ನಂಬಬೇಡಿ. ಮೂರು ಊರು ಮುಟ್ಟಿ ಬರುತ್ತೀರಿ, ಒಂದನ್ನೂ ನೋಡಿರುವುದಿಲ್ಲ.

ಹಂತ 2: ಹಿಂದಿನ ದಿನ ಕಣ್ಣು ಪಳಗಿಸಿಕೊಳ್ಳಿ

ಕಲಬುರಗಿಯಿಂದ ಹೋಗುವವರು ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮೊದಲು ಹೋಗಿ. ಹಳೆಯ ಗುಮ್ಮಟಗಳೊಳಗೆ ಇರುವ ಆ ಸಂಗ್ರಹದಲ್ಲಿ ಸನ್ನತಿಯ ಶಿಲ್ಪಗಳಿವೆ. ನೆರಳಿನಲ್ಲಿ ನಿಧಾನವಾಗಿ ನೋಡಿದರೆ ಆ ಕಾಲದ ಪೇಟ, ಓಲೆ, ಕಾಲ್ಕಡಗಗಳ ಪರಿಚಯವಾಗುತ್ತದೆ.

ಹಂತ 3: ದಾರಿ

ರೈಲಿನಲ್ಲಿ ಬರುವವರು ವಾಡಿ–ರಾಯಚೂರು ಮಾರ್ಗದ ನಾಲವಾರದಲ್ಲಿ ಇಳಿಯಬಹುದು. ಅಲ್ಲಿಂದ ಸನ್ನತಿ ಸುಮಾರು 20 ಕಿ.ಮೀ. ಸ್ವಂತ ಗಾಡಿಯವರು ಡಾಂಬರು ರಸ್ತೆ ಬಿಡಬೇಡಿ. ಮೊಬೈಲಿನ ನಕ್ಷೆ ನಾಲ್ಕು ಕಿಲೊಮೀಟರ್ ಉಳಿಯುತ್ತದೆಂದು ಹೊಲದ ಬಂಡಿ ದಾರಿ ತೋರಿಸುತ್ತದೆ. ಇದು ಎರೆ ಭೂಮಿ. ಹಿಂದಿನ ರಾತ್ರಿ ಒಂದು ಹದ ಮಳೆ ಬಿದ್ದಿದ್ದರೂ ಕರಿ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಬೈಕು ಕದಲುವುದಿಲ್ಲ. ಕಾರು ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಹುಡುಕಿಕೊಂಡೇ ಹೋಗಬೇಕು.

ಹಂತ 4: ಮೊದಲು ಕನಗನಹಳ್ಳಿ, ಆಮೇಲೆ ಗುಡಿ

ಎಲ್ಲರೂ ಉಲ್ಟಾ ಮಾಡುತ್ತಾರೆ. ಗುಡಿ ಮಧ್ಯಾಹ್ನವೂ ತಂಪಾಗಿರುತ್ತದೆ, ಶಿಲ್ಪಕ್ಕೆ ಬೇಕಾದ ಬೆಳಕು ಮಾತ್ರ ಕಾಯುವುದಿಲ್ಲ. ಬೆಳಗಿನ ಎಂಟರ ಹೊತ್ತಿಗೆ ಕನಗನಹಳ್ಳಿಯಲ್ಲಿರಿ. ಅದಾಗದಿದ್ದರೆ ಸಂಜೆ ನಾಲ್ಕರ ಮೇಲೆ ಹೋಗಿ.

ಹಂತ 5: ಕಲ್ಲು ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ಹಿನ್ನೆಲೆ ತಿಳಿದಿರಲಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಉತ್ಖನನದಲ್ಲಿ ಇಲ್ಲಿ ದೊಡ್ಡದೊಂದು ಬೌದ್ಧ ಸ್ತೂಪ ಹೊರಬಂತು. ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಎಂದು ಕರೆಯುತ್ತವೆ. ಸ್ತೂಪದ ಗೋಡೆಗೆ ಸುತ್ತಲೂ ಹೊದಿಸಿದ್ದ ಸುಣ್ಣದ ಕಲ್ಲಿನ ಫಲಕಗಳಲ್ಲಿ ಜಾತಕ ಕಥೆಗಳಿವೆ (ಬುದ್ಧನ ಹಿಂದಿನ ಜನ್ಮಗಳ ಕಥೆಗಳು), ಬುದ್ಧನ ಬದುಕಿದೆ, ಶಾತವಾಹನ ದೊರೆಗಳಿದ್ದಾರೆ. ಅನೇಕ ಚಿತ್ರಗಳಿಗೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಹೆಸರೂ ಬರೆದಿದ್ದಾರೆ.

ಈ ಕೆತ್ತನೆಯ ಆಳ ಬಹಳ ಕಡೆ ಕಡಿಮೆ, ಅಕ್ಷರಗಳಂತೂ ಬರೀ ಗೀರುಗಳಷ್ಟೇ ಆಳ. ಬಿಸಿಲು ಎದುರಿನಿಂದ, ಅಥವಾ ಮಲಗಿದ ಕಲ್ಲಿಗೆ ನೆತ್ತಿಯ ಮೇಲಿಂದ, ನೇರ ಬಿದ್ದರೆ ಗೀರಿನ ಒಳಗೂ ಹೊರಗೂ ಒಂದೇ ಬೆಳಕಾಗಿ ಏನೂ ಕಾಣುವುದಿಲ್ಲ. ಬೆಳಕು ಪಕ್ಕದಿಂದ ಕಲ್ಲಿನ ಮೈ ಸವರಿಕೊಂಡು ಬರಬೇಕು. ಆಗ ಗೀರಿನ ಒಂದು ಅಂಚು ನೆರಳಾಗಿ, ಇನ್ನೊಂದು ಅಂಚು ಹೊಳೆದು, ಅಕ್ಷರ ಮೇಲೆದ್ದು ಬರುತ್ತದೆ.

ಆದ್ದರಿಂದ ಒಬ್ಬರೇ ಹೋಗಬೇಡಿ, ಜೊತೆಗೊಬ್ಬರಿರಲಿ. ಫಲಕ ನೆರಳಿನಲ್ಲಿದ್ದರೆ ಒಬ್ಬರು ಎದುರು ನಿಲ್ಲಿ. ಇನ್ನೊಬ್ಬರು ಕಲ್ಲಿನ ಪಕ್ಕಕ್ಕೆ ಸರಿದು, ಎರಡಡಿ ದೂರದಿಂದ, ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಲಿ. ಮೊದಲು ಎಡದಿಂದ, ಆಮೇಲೆ ಬಲದಿಂದ, ಕೊನೆಗೆ ಮೇಲಿಂದ. ಒಂದೊಂದು ದಿಕ್ಕಿಗೆ ಒಂದೊಂದು ಗೆರೆ ಕಾಣುತ್ತದೆ. ಎಡದ ಬೆಳಕಿನಲ್ಲಿ ಮಾಯವಾಗಿದ್ದ ಕೈಬೆರಳು ಬಲದ ಬೆಳಕಿನಲ್ಲಿ ಸಿಗುತ್ತದೆ. ಫಲಕದ ಮೇಲೆ ಬಿಸಿಲಿದ್ದರೆ ಕೊಡೆಯನ್ನೋ ಚಾದರವನ್ನೋ ಅಡ್ಡ ಹಿಡಿದು ನೆರಳು ಮಾಡಿಕೊಂಡು ಟಾರ್ಚ್ ಹಾಕಿ. ಟಾರ್ಚ್ ಬೇಡವೆನಿಸಿದರೆ ಮುಖ ನೋಡಿಕೊಳ್ಳುವ ಕನ್ನಡಿ ಒಯ್ಯಿರಿ. ಪಕ್ಕದಲ್ಲಿ ನಿಂತು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಹಾಯಿಸಿದರೆ ಯಾವ ಟಾರ್ಚಿಗೂ ಅಂಥ ಬೆಳಕಿಲ್ಲ. ನನಗೆ ಕನ್ನಡಿಯೇ ಇಷ್ಟ.

ಟಾರ್ಚ್ ಕೊಳ್ಳುವುದಾದರೆ ಜಾತ್ರೆಯಲ್ಲಿ ಸಿಗುವ ಜೂಮ್ ಟಾರ್ಚ್ ಬೇಡ. ಕೆಲವುಗಳ ಬೆಳಕಿನ ನಡುವೆ ಕಪ್ಪು ಮಚ್ಚೆ ಬೀಳುತ್ತದೆ, ಅಕ್ಷರ ಅಲ್ಲೇ ಮುಚ್ಚಿಹೋಗುತ್ತದೆ. ರೀಲ್ಸ್ ಮಾಡುವವರ ರಿಂಗ್ ಲೈಟ್ ಅದಕ್ಕಿಂತ ಕೆಟ್ಟದ್ದು. ನೇರ ಎದುರಿನ ಬೆಳಕು ಶಿಲ್ಪವನ್ನು ಚಪ್ಪಟೆ ಮಾಡುತ್ತದೆ. ಫ್ಲ್ಯಾಶ್ ಕೂಡ ಅಷ್ಟೇ. ಮೊಬೈಲಿನ ಟಾರ್ಚ್ ಸಾಕು, ಆದರೆ ಫೋಟೊ ತೆಗೆಯುವ ಮೊಬೈಲ್ ಬೇರೆ, ಬೆಳಕು ಹಿಡಿಯುವ ಮೊಬೈಲ್ ಬೇರೆ ಇರಲಿ.

ಅಕ್ಷರ ಕಾಣಲೆಂದು ಸುಣ್ಣ, ಚಾಕ್‌ಪೀಸ್, ಹಿಟ್ಟು ಉಜ್ಜುವವರನ್ನು, ನೀರು ಸುರಿಯುವವರನ್ನು, ಭಕ್ತಿಯಿಂದ ಕುಂಕುಮ, ಎಣ್ಣೆ ಹಚ್ಚುವವರನ್ನು ಬೇರೆ ಬೇರೆ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ. ನಮ್ಮ ಮನೆಗಳ ಶಹಾಬಾದ್ ಹಾಸುಗಲ್ಲಿನ ಮೇಲೆ ಲಿಂಬೆ ರಸ ಬಿದ್ದರೆ ಬಿಳಿ ಕಲೆ ಉಳಿಯುವುದು ನಿಮಗೆ ಗೊತ್ತು. ಇದೂ ಸುಣ್ಣದ ಕಲ್ಲೇ. ಹುಳಿ ತಾಗಿದರೆ ಮೈ ಕರಗುತ್ತದೆ. ಬರೀ ನೀರಾದರೂ ಉಪ್ಪಿನಂಶವನ್ನು ಒಳಗೆ ಎಳೆದುಕೊಂಡು ಹೋಗಿ, ಒಣಗುವಾಗ ಮೇಲ್ಪದರ ಹಕ್ಕಳಿಕೆಯಾಗಿ ಏಳುವಂತೆ ಮಾಡುತ್ತದೆ. ಬೆವರುಗೈಯಿಂದ ಮುಟ್ಟುವುದೂ ಬೇಡ.

ಈಗ ಏನು ನೋಡಬೇಕು? ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯಿರಿ. ಮೊದಲು ಚಿತ್ರದ ಅಂಚಿನ ಪಟ್ಟಿಯಲ್ಲಿ ಅಕ್ಷರವಿದೆಯೇ ಹುಡುಕಿ. ಬ್ರಾಹ್ಮಿ ಬಾರದವರಿಗೂ ಒಂದು ಅಕ್ಷರ ಸುಲಭವಾಗಿ ಸಿಗುತ್ತದೆ: ಕೂಡಿಸುವ ಚಿಹ್ನೆಯಂತೆ ಕಾಣುವುದು ‘ಕ’. ಅಶೋಕನ ಫಲಕದಲ್ಲಿ ದೊರೆ, ರಾಣಿ, ಚಾಮರ ಬೀಸುವವರು ಇದ್ದಾರೆ. ‘ರಾಯಾ ಅಸೋಕೋ’ ಎಂಬ ಬರಹವಿದೆ. ಇದನ್ನು ಕೆತ್ತಿದ್ದು ಅಶೋಕ ಹೋಗಿ ಶತಮಾನಗಳಾದ ಮೇಲೆ, ಹಾಗಾಗಿ ಮುಖ ಹೋಲುತ್ತದೆಯೇ ಎಂದು ತಲೆ ಕೆಡಿಸಿಕೊಳ್ಳಬೇಡಿ. ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುವ ಶಾತಕರ್ಣಿ, ಉಜ್ಜಯಿನಿಯನ್ನು ದಾನ ಮಾಡುವ ಪುಳುಮಾವಿ ಕೂಡ ಹೆಸರಿನೊಂದಿಗೇ ಇದ್ದಾರೆ.

ಖಾಲಿ ಪೀಠ, ಅದರ ಮುಂದೆ ಕೈಮುಗಿದ ಜನ ಕಂಡರೆ ‘ಮೂರ್ತಿ ಒಡೆದು ಹೋಗಿದೆ’ ಎಂದುಕೊಂಡು ಮುಂದೆ ಹೋಗಬೇಡಿ. ಆ ಪೀಠವೇ ಬುದ್ಧ. ಬೋಧಿವೃಕ್ಷ, ಪಾದದ ಗುರುತು, ಧರ್ಮಚಕ್ರಗಳೂ ಹಾಗೆಯೇ. ಇದೊಂದು ತಿಳಿದರೆ ಅರ್ಧ ಫಲಕಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಎರಡು ಗಂಟೆ ಕೊಡಿ.

ಹಂತ 6: ಸನ್ನತಿಯ ಶಾಸನ

1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ತೆರವು ಮಾಡುವಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ವಿಗ್ರಹ ನಿಲ್ಲಿಸಲು ಹಿಂದೆ ಯಾರೋ ಕೊರೆದ ತೂತು ಅಕ್ಷರಗಳ ನಡುವೆಯೇ ಇದೆ. ಎರಡೂ ಮುಖಗಳಲ್ಲಿ ಬರಹವಿದೆ: ಅಶೋಕನ ಹದಿನಾಲ್ಕು ಶಿಲಾಶಾಸನಗಳಲ್ಲಿ 12 ಮತ್ತು 14ನೆಯವು, ಜೊತೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. 12ನೆಯದು ಪರರ ಪಂಥವನ್ನು ಹೀಯಾಳಿಸಬೇಡಿ ಎನ್ನುತ್ತದೆ. ‘ಶಾಸನದ ಕಲ್ಲು ನೋಡಬೇಕು’ ಎಂದು ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಯಾರೂ ತೋರಿಸುವುದಿಲ್ಲ. ಕನ್ನಡಿ ಇಲ್ಲಿಯೂ ಬೇಕು. ಆಮೇಲೆ ದೇವಿಯ ದರ್ಶನ.

ಹಂತ 7: ಊಟ

ಬುತ್ತಿ ಕಟ್ಟಿಕೊಂಡೇ ಹೋಗಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಸಂಜೆತನಕ ಕೆಡುವುದಿಲ್ಲ. ಚಳಿಗಾಲದಲ್ಲಿ ದಾರಿಬದಿಯ ಹೊಲದಲ್ಲಿ ಸೀತನಿ (ಎಳೆ ಜೋಳದ ತೆನೆ) ಸುಡುತ್ತಿದ್ದರೆ ನಿಲ್ಲಿಸಿ, ಕೇಳಿ, ದುಡ್ಡು ಕೊಟ್ಟು ತಿನ್ನಿ.

ಹಂತ 8: ಹೊಳೆ

ದಂಡೆಯ ಮೇಲೆ ನಡೆಯಿರಿ, ಹಕ್ಕಿ ನೋಡಿ, ನೀರಿಗೆ ಮಾತ್ರ ಇಳಿಯಬೇಡಿ. ಇಲ್ಲಿ ಮಳೆ ಇಲ್ಲವೆಂದು ಧೈರ್ಯ ಮಾಡುವವರೇ ಸಿಕ್ಕಿಬೀಳುತ್ತಾರೆ. ಭೀಮೆಯ ನೀರು ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟಾಗ ಏರುತ್ತದೆ. ನಮ್ಮ ಆಕಾಶದಲ್ಲಿ ಮೋಡವೇ ಇಲ್ಲದಿದ್ದರೂ ಪ್ರವಾಹ ಬರಬಹುದು. ಬ್ಯಾರೇಜಿನ ಗೇಟುಗಳ ಕೆಳಗೆ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಮೊಸಳೆಗಳೂ ಇವೆ. ಮಕ್ಕಳು ಹಟ ಮಾಡಿದರೆ ಊರ ಮೀನುಗಾರರನ್ನು ಕೇಳಿ. ಅವರು ಬೇಡ ಎಂದರೆ ಬೇಡವೇ.

ಕತ್ತಲಾಗುವುದರೊಳಗೆ ಡಾಂಬರು ರಸ್ತೆ ಸೇರಿಕೊಳ್ಳಿ. ಸುಗ್ಗಿಯ ದಿನಗಳಲ್ಲಿ ಹಿಂದಿನ ದೀಪವಿಲ್ಲದೆ ತೊಗರಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು ಈ ದಾರಿಯಲ್ಲಿ ಬಹಳ.