ಮಾಸಿದ ಲಾರಿಗೆ ಮತ್ತೆ ಹೊಳಪು: ಬಣ್ಣ ಹೊಡೆಸುವ ಮುನ್ನ ಒಮ್ಮೆ ಉಜ್ಜಿ ನೋಡಿ

ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವಾಗಿದೆ ಎಂಬ ಆರ್‌ಟಿಒ ಪ್ರಮಾಣಪತ್ರ, ಹತ್ತಿರ ಬಂತೆಂದರೆ ಹಳೆಯ ಲಾರಿಗೆ ಒಂದು ಕೋಟ್ ಬಣ್ಣ ಹೊಡೆಸಿಬಿಡುವುದು ನಮ್ಮ ಕಡೆ ನಡೆದುಬಂದ ರೂಢಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷವೂ ಎಫ್‌ಸಿ ಮಾಡಿಸಬೇಕಾದ್ದರಿಂದ, ಇಪ್ಪತ್ತು ವರ್ಷ ಓಡಿದ ಲಾರಿಯ ಬಾಗಿಲಿನ ಅಂಚನ್ನು ಕೆರೆದು ನೋಡಿದರೆ ಈರುಳ್ಳಿಯ ಸಿಪ್ಪೆಯಂತೆ ಪದರದ ಮೇಲೆ ಪದರ ಬಣ್ಣ ಕಾಣಿಸುವುದುಂಟು. ಇಷ್ಟೆಲ್ಲ ಬಳಿಸಿದ ಮೇಲೂ ಮಾಲೀಕರ ದೂರು ಮಾತ್ರ ಒಂದೇ: ಬಣ್ಣ ಬೇಗ ಮಂಕಾಗುತ್ತದೆ, ಕೈಯಿಟ್ಟರೆ ಸುಣ್ಣದ ಗೋಡೆಯಂತೆ ಪುಡಿ ಮೆತ್ತಿಕೊಳ್ಳುತ್ತದೆ. ಆದರೆ ಹೀಗೆ ಮಂಕಾದ ಬಣ್ಣದಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಮೇಲಿನ ತೆಳು ಪೊರೆಯಷ್ಟೇ. ಅದನ್ನು ಹದವಾಗಿ ತೆಗೆದರೆ ಅಡಿಯಲ್ಲಿ ಗಟ್ಟಿ ಬಣ್ಣ ಹಾಗೆಯೇ ಇರುತ್ತದೆ. ಹೊಳಪು ಹೊರಗಿನಿಂದ ತಂದು ಹಚ್ಚುವ ವಸ್ತುವಲ್ಲ, ಒಳಗಿರುವುದನ್ನು ಹೊರತೆಗೆಯುವ ಕೆಲಸ ಎಂಬುದು ಮನಸ್ಸಿನಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಲಾರಿಗಳಿಗೆ ಹೆಚ್ಚಾಗಿ ಬಳಿಯುವ ಸಿಂಥೆಟಿಕ್ ಎನಾಮೆಲ್‌ನಲ್ಲಿ ಎರಡು ವಸ್ತುಗಳು ಮುಖ್ಯ: ಬಣ್ಣ ಕೊಡುವ ಪುಡಿ ಮತ್ತು ಆ ಪುಡಿಯನ್ನು ಹಿಡಿದಿಡುವ ರಾಳ. ಬಿಸಿಲಿನ ನೇರಳಾತೀತ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ ರಾಳವನ್ನು ಮೇಲಿನಿಂದ ಸವೆಸುತ್ತಾ ಬಂದಂತೆ, ಹಿಡಿತ ತಪ್ಪಿದ ಪುಡಿ ಸಡಿಲವಾಗಿ ಮೇಲೆ ಕೂರುತ್ತದೆ. ನುಣುಪಾಗಿದ್ದ ಮೈ ತರಿತರಿಯಾಗಿ, ಬೆಳಕನ್ನು ಕನ್ನಡಿಯಂತೆ ಮರಳಿಸುವ ಬದಲು ಎಲ್ಲ ಕಡೆಗೂ ಚೆದುರಿಸತೊಡಗುತ್ತದೆ. ನಮಗೆ ಕಾಣುವ ಬಿಳಿಚಿಕೆ ಅದೇ. ಕೆಂಪಿಗೆ ಬಳಸುವ ಸಾವಯವ ವರ್ಣಪುಡಿಗಳಲ್ಲಿ ಹಲವು ಬಿಸಿಲಿಗೆ ತಾಳುವುದಿಲ್ಲವಾದ್ದರಿಂದ ಕೆಂಪು ಲಾರಿ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ಮಳೆಯಲ್ಲಿ ನೆನೆದ ಲಾರಿ ಆ ಹೊತ್ತಿಗೆ ಹೊಸದರಂತೆ ಕಾಣುವುದು, ನೀರು ಆ ತರಿಗಳನ್ನು ತುಂಬಿ ಮೇಲ್ಮೈಯನ್ನು ಸಮ ಮಾಡುವುದರಿಂದ. ಡೀಸೆಲ್ ಅದ್ದಿದ ಬಟ್ಟೆಯಿಂದ ಕ್ಯಾಬಿನ್ ಒರೆಸಿ ಹೊಳಪು ಬರಿಸುವ ಕ್ಲೀನರ್‌ಗಳ ಉಪಾಯವೂ ಇದೇ ಬಗೆಯದು. ನೀರು ಆರಿದರೆ ಹೋಯಿತು, ಡೀಸೆಲ್ ಮಾತ್ರ ಉಳಿದು ದಾರಿಯ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ.

ಯಾವ ಬಣ್ಣ ಎಂದು ಮೊದಲು ತಿಳಿಯಿರಿ

ಬಿಳಿ ಬನಿಯನ್ ಬಟ್ಟೆಗೆ ಸ್ವಲ್ಪ ಪಾಲಿಷ್ ಹಚ್ಚಿ ಬಾನೆಟ್ಟಿನ ಒಂದು ಮೂಲೆಯನ್ನು ಉಜ್ಜಿ ನೋಡಿ. ಬಟ್ಟೆಗೆ ಲಾರಿಯ ಬಣ್ಣ ಹತ್ತಿದರೆ ಅದು ಮೇಲೆ ಪಾರದರ್ಶಕ ಕೋಟ್ (ಕ್ಲಿಯರ್ ಕೋಟ್) ಇಲ್ಲದ ಬಣ್ಣ. ತಮಿಳುನಾಡಿನ ನಾಮಕ್ಕಲ್‌ನಂತಹ ಊರುಗಳಲ್ಲಿ ಬರಿ ಛಾಸಿಯ ಮೇಲೆ ಕ್ಯಾಬಿನ್, ಬಾಡಿ ಕಟ್ಟಿಸಿದ ಹಳೆಯ ಲಾರಿಗಳದು ಬಹುತೇಕ ಇದೇ ಜಾತಿ. ಬಟ್ಟೆ ಬೆಳ್ಳಗೇ ಉಳಿದರೆ ಮೇಲೆ ಕ್ಲಿಯರ್ ಕೋಟ್ ಇದೆ ಎಂದು ತಿಳಿಯಬೇಕು. ಕ್ಲಿಯರ್ ಕೋಟ್ ಮಂಕಾಗಿದ್ದರೆ ಪಾಲಿಷ್ ಫಲ ಕೊಡುತ್ತದೆ, ಆದರೆ ಬಿಸಿಲಿಗೆ ಸುಟ್ಟ ಬೆನ್ನಿನ ಚರ್ಮದಂತೆ ಹಕ್ಕಳೆಯೆದ್ದು ಸುಲಿಯುತ್ತಿದ್ದರೆ ಯಾವ ಪಾಲಿಷ್ ಕೂಡ ಅದನ್ನು ಮರಳಿ ಅಂಟಿಸಲಾರದು.

ಇನ್ನೆರಡು ಪರೀಕ್ಷೆಗಳಿವೆ. ಬಾಗಿಲಿನ ಒಳಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬಟ್ಟೆಯಲ್ಲಿ ಒಂದು ತೊಟ್ಟು ಥಿನ್ನರ್ ಹಾಕಿ ಒತ್ತಿ ಹಿಡಿಯಿರಿ. ತಕ್ಷಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್, ಸ್ವಲ್ಪ ಹೊತ್ತಿಗೆ ಮೆತ್ತಗಾಗಿ ಸುಕ್ಕುಗಟ್ಟಿದರೆ ಎನಾಮೆಲ್, ಏನೂ ಆಗದಿದ್ದರೆ ಪಿಯು (ಪಾಲಿಯುರಿಥೇನ್) ಪೇಂಟ್ ಇರುವ ಸಂಭವ ಹೆಚ್ಚು. ಎರಡನೆಯದು ಇನ್ನೂ ಸರಳ. ಪದರಗಳು ಒಂದಕ್ಕೊಂದು ಕಚ್ಚಿಕೊಂಡಿವೆಯೇ ಎಂದು ನೋಡಲು ಗಟ್ಟಿ ಟೇಪನ್ನು ಒತ್ತಿ ಅಂಟಿಸಿ ಒಮ್ಮೆಲೇ ಕಿತ್ತುಬಿಡಿ. ಟೇಪಿನ ಜೊತೆ ಬಣ್ಣದ ಚಕ್ಕೆ ಬಂದರೆ ಹೊಳಪಿನ ಆಸೆಯನ್ನು ಅಲ್ಲಿಗೇ ಬಿಟ್ಟು, ಆ ಭಾಗವನ್ನು ಕೆರೆಸಿ, ಬಣ್ಣದ ಅಡಿಗೆ ಬಳಿಯುವ ಪ್ರೈಮರ್‌ನಿಂದಲೇ ಹೊಸದಾಗಿ ಆರಂಭಿಸುವುದು ಲೇಸು. ತುಕ್ಕು, ಬಿರುಕು, ಒಳಗಿನ ಪ್ರೈಮರ್ ಕಾಣುತ್ತಿರುವ ಜಾಗಗಳಿಗೂ ಇದೇ ಮಾತು ಸಲ್ಲುತ್ತದೆ.

ತೊಳೆಯುವುದೇ ಅರ್ಧ ಕೆಲಸ

ಲಾರಿಯ ಮೈಮೇಲಿನ ಧೂಳು ಸಾಮಾನ್ಯ ಧೂಳಲ್ಲ. ಸಂಡೂರು, ಹೊಸಪೇಟೆ ಕಡೆ ಅದಿರು ಸಾಗಿಸಿದ ಗಾಡಿಯ ಮೇಲಿನ ಕೆಂಪು ಧೂಳನ್ನು ಒಣಬಟ್ಟೆಯಲ್ಲಿ ಒರೆಸುವುದೆಂದರೆ ಉಪ್ಪುಕಾಗದದಲ್ಲಿ ತಿಕ್ಕಿದಂತೆಯೇ. ಮೊದಲು ಪೈಪಿನಿಂದ ಮೇಲಿನಿಂದ ಕೆಳಗೆ ಧಾರಾಳವಾಗಿ ನೀರು ಬಿಟ್ಟು, ಆಮೇಲೆ ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಸ್ಪಂಜು ಜಾಲಿಸಲು ಬರಿ ನೀರು, ಹೀಗೆ ತೊಳೆಯಬೇಕು. ಡೀಸೆಲ್ ಜಿಡ್ಡೂ ಹಳೆಯ ಮೇಣವೂ ಹೋಗಬೇಕಾದ್ದರಿಂದ ಈ ಒಂದು ಸಲಕ್ಕೆ ಮಾತ್ರ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿದರೆ ತಪ್ಪಿಲ್ಲ. ತಾರಿನ ಚುಕ್ಕೆಗಳನ್ನು ಸೀಮೆಎಣ್ಣೆ ತೇವದ ಬಟ್ಟೆಯಿಂದ ಬಿಡಿಸಿ ಕೂಡಲೇ ಸೋಪಿನಿಂದ ತೊಳೆಯಿರಿ. ಬೋರ್‌ವೆಲ್ ನೀರಿನ ಬಿಳಿ ಕಲೆಗಳಿಗೆ ಸಮಪಾಲು ನೀರು ಬೆರೆಸಿದ ವಿನಿಗರ್ ಸಾಕು, ಆದರೆ ಅದು ಬಣ್ಣದ ಮೇಲೆಯೇ ಒಣಗಬಾರದು.

ತೊಳೆದು ಒಣಗಿಸಿದ ಮೇಲೆ ಮಾಸ್ಕಿಂಗ್ ಟೇಪ್ ಕೈಗೆತ್ತಿಕೊಳ್ಳಿ. ಕ್ಯಾಬಿನ್ನಿನ ಹಣೆಯ ಮೇಲಿನ ದೇವರ ಹೆಸರು, ಬಾಗಿಲ ಮೇಲಿನ ಮಾಲೀಕರ ವಿಳಾಸ, ಹಿಂದಿನ ‘ಹಾರ್ನ್ ಓಕೆ ಪ್ಲೀಸ್’, ಮಗಳ ಹೆಸರಿನ ಎರಡೂ ಬದಿಗೆ ಬರೆದ ಹೂಬಳ್ಳಿ, ಇವೆಲ್ಲ ಕುಂಚದಿಂದ ಬರೆದ ತೆಳು ಬಣ್ಣ. ಮೇಲಿನ ಪೊರೆಯನ್ನು ಉಜ್ಜಿ ತೆಗೆಯುವ ಸಣ್ಣ ತರಿಯ ಪೇಸ್ಟಾದ ಕಾಂಪೌಂಡಿಗೆ ಅಕ್ಷರ ಯಾವುದು, ಕೊಳೆ ಯಾವುದು ಎಂಬ ಭೇದ ತಿಳಿಯದು. ಸ್ಟಿಕ್ಕರ್ ಅಕ್ಷರಗಳೇ ಹೆಚ್ಚಾಗಿರುವ ಈ ಕಾಲದಲ್ಲಿ ಹಾಗೆ ಬರೆದುಕೊಡುವ ಕಲಾವಿದರನ್ನು ಮತ್ತೆ ಹುಡುಕುವುದು ಕಷ್ಟ. ರಬ್ಬರ್ ಬೀಡಿಂಗ್, ಪ್ರತಿಫಲಕ ಟೇಪು, ಲೈಟುಗಳನ್ನೂ ಮುಚ್ಚಿಬಿಡಿ.

ಕಾಂಪೌಂಡ್: ಕೈಯಿಂದ, ಆಮೇಲೆ ಬೇಕಿದ್ದರೆ ಮೆಷಿನ್‌ನಿಂದ

ತಿಪಟೂರಿನಲ್ಲಿ ಕೊಬ್ಬರಿ ಸಾಗಿಸುವ ನಮ್ಮ ಭಾವನವರ ಕೆಂಪು ಟಾಟಾ 407 ಗಾಡಿಯ ಬಾನೆಟ್ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಾವು ಮೊದಲು ಮಾಡಿದ್ದು, ಎರಡಡಿ ಚೌಕವೊಂದನ್ನು ಟೇಪಿನಿಂದ ಗುರುತು ಮಾಡಿಕೊಂಡು ಅದರಲ್ಲಿ ಮಾತ್ರ ಪ್ರಯೋಗ ನಡೆಸಿದ್ದು. ಇದನ್ನು ಯಾರೂ ಬಿಡಬಾರದು. ಆ ಚೌಕದಲ್ಲಿ ಮೊದಲು ಬರಿ ಪಾಲಿಷ್ ಹಾಕಿ ನೋಡಿ, ಸಾಲದಿದ್ದರೆ ನಯವಾದ ರಬ್ಬಿಂಗ್ ಕಾಂಪೌಂಡ್, ಅದೂ ಸಾಲದಿದ್ದರೆ ಒರಟು ಕಾಂಪೌಂಡ್. ಮೃದುವಾದದ್ದರಿಂದ ಒರಟಿನ ಕಡೆಗೆ ಹೋಗಬೇಕೇ ಹೊರತು ಒರಟಿನಿಂದ ಆರಂಭಿಸಬಾರದು, ಏಕೆಂದರೆ ತೆಗೆದ ಬಣ್ಣವನ್ನು ಮರಳಿ ಹಾಕಲಾಗದು.

ಗಾಡಿ ನೆರಳಿನಲ್ಲಿರಬೇಕು, ತಗಡು ಮುಟ್ಟಿದರೆ ತಣ್ಣಗಿರಬೇಕು. ಬೇಸಿಗೆಯಲ್ಲಿ ಬೆಳಗಿನ ಏಳರಿಂದ ಹತ್ತರೊಳಗೆ ಮುಗಿಸಿದಷ್ಟು ಒಳ್ಳೆಯದು, ಬಿಸಿ ತಗಡಿನ ಮೇಲೆ ಕಾಂಪೌಂಡ್ ಅಂಬಲಿಯಂತೆ ಒಣಗಿ ಕಚ್ಚಿಕೊಳ್ಳುತ್ತದೆ. ಬನಿಯನ್ ಬಟ್ಟೆಯನ್ನು ಅಂಗೈಯಷ್ಟು ಮಡಚಿ, ನೀರು ಚಿಮುಕಿಸಿ, ರೂಪಾಯಿ ನಾಣ್ಯದಷ್ಟು ಕಾಂಪೌಂಡ್ ತೆಗೆದುಕೊಂಡು, ಸುತ್ತುಸುತ್ತಾಗಿ ತಿಕ್ಕದೆ ನೇರ ಗೆರೆಗಳಲ್ಲಿ ಉಜ್ಜಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಭಾವನವರ ಗಾಡಿಯಲ್ಲಿ ಮೊದಲ ಕೆಲವು ಎಳೆತಗಳಿಗೆ ಬಟ್ಟೆ ಗುಲಾಬಿಯಾಯಿತು, ನಂತರ ಕುಂಕುಮ ಅದ್ದಿದಂತೆ ಕೆಂಪಾಯಿತು, ಬಟ್ಟೆಯ ಮಡಿಕೆ ಬದಲಿಸುತ್ತಾ ಹೋದಂತೆ ಮತ್ತೆ ತಿಳಿಯಾಗತೊಡಗಿತು. ಹತ್ತುವ ಬಣ್ಣ ಕಡಿಮೆಯಾಗಿ, ಬಟ್ಟೆ ಎಳೆಯುವಾಗ ತಡೆಯಿಲ್ಲದೆ ಜಾರಿದರೆ ಸತ್ತ ಪೊರೆ ಹೋಗಿದೆ ಎಂದೇ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ಬಟ್ಟೆಯ ಮಡಿಕೆಯನ್ನು ಆಗಾಗ ಬದಲಿಸದಿದ್ದರೆ ಕಿತ್ತುಬಂದ ಪುಡಿಯನ್ನೇ ಮತ್ತೆ ತಿಕ್ಕಿದಂತಾಗಿ ಸಣ್ಣ ಗೀರುಗಳು ಬೀಳುತ್ತವೆ.

ಇಡೀ ಕ್ಯಾಬಿನ್ನನ್ನು ಕೈಯಿಂದ ಮಾಡಲು ಇಬ್ಬರಿಗೆ ಒಂದೂವರೆ ದಿನ ಹಿಡಿಯುತ್ತದೆ. ರಟ್ಟೆ ಸೋತವರು ಬಫಿಂಗ್ ಮೆಷಿನ್ ತರಬಹುದು. ಮೆಷಿನ್ ಎಂದರೆ ವೇಗ ಹೊಂದಿಸಬಲ್ಲ ಪಾಲಿಷರ್ ಎಂದೇ ಅರ್ಥ. ವೆಲ್ಡಿಂಗ್ ಅಂಗಡಿಯ ಗ್ರೈಂಡರಿಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿ ಪಾಲಿಷ್ ಮಾಡುವವರನ್ನು ನಾನು ನೋಡಿದ್ದೇನೆ. ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಪಾಲಿಷಿಗೆ ಬೇಕಾದ್ದು 1,000ದಿಂದ 1,500 ಸುತ್ತು ಅಷ್ಟೇ. ಕಾಂಪೌಂಡನ್ನು ಮೊದಲು ಮೈಮೇಲೆ ಹರಡಿ, ಆಮೇಲೆ ಗುಂಡಿ ಒತ್ತಿ. ಮೆಷಿನ್ನಿನ ಭಾರವೇ ಸಾಕು, ಮೇಲಿಂದ ಅದುಮಬಾರದು, ಒಂದೇ ಕಡೆ ನಿಲ್ಲಿಸಲೂಬಾರದು. ಮೂಲೆ, ಏಣು, ಬಾಗಿಲ ಅಂಚುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಮೆಷಿನ್ ಬೇಡ, ಟೇಪ್ ಹಚ್ಚಿ ಕೊನೆಗೆ ಕೈಯಿಂದ ಉಜ್ಜಿ. ಈ ಬುದ್ಧಿವಾದದ ಹಿಂದೆ ನನ್ನದೇ ತಪ್ಪಿದೆ: ಅದೇ 407ರ ಬಾನೆಟ್ಟಿನ ಏಣಿನ ಮೇಲೆ ಮಾತಾಡುತ್ತಾ ಎರಡು ಕ್ಷಣ ಹೆಚ್ಚಿಗೆ ಪ್ಯಾಡ್ ಇಟ್ಟಿದ್ದಕ್ಕೆ ಬೆರಳುದ್ದದ ಬೂದು ಪ್ರೈಮರ್ ಇಣುಕಿತು. ಭಾವ ಏನೂ ಅನ್ನಲಿಲ್ಲ, ಒಳಗಿನಿಂದ ಸಣ್ಣ ಕುಂಚವನ್ನೂ ಕೆಂಪು ಎನಾಮೆಲ್ ಡಬ್ಬಿಯನ್ನೂ ತಂದು ಕೈಗಿಟ್ಟರು.

ಕಾಂಪೌಂಡಿಗೂ ಬಗ್ಗದಷ್ಟು ಒರಟಾಗಿದ್ದರೆ ಮಾತ್ರ 2000 ನಂಬರಿನ ವಾಟರ್ ಪೇಪರ್, ಅಂದರೆ ನೀರಿನೊಂದಿಗೆ ಬಳಸುವ ನಯವಾದ ಉಪ್ಪುಕಾಗದ. ಅದನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ನೆನೆಸಿ, ಎರಡು ಹನಿ ಶಾಂಪೂ ಹಾಕಿ, ರಬ್ಬರ್ ತುಂಡಿಗೆ ಸುತ್ತಿಕೊಂಡು, ನೀರು ಹರಿಯುತ್ತಿರುವಾಗಲೇ ಹಗುರವಾಗಿ ಆಡಿಸಬೇಕು. ಒಣಗಿದ್ದಾಗ ತಿಕ್ಕುವುದು ಬಣ್ಣಕ್ಕಷ್ಟೇ ಅಲ್ಲ, ಶ್ವಾಸಕೋಶಕ್ಕೂ ಕೇಡು. ಹಳೆಯ ಹಳದಿ, ಕಿತ್ತಳೆ ಎನಾಮೆಲ್‌ಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಾಧ್ಯತೆ ಇದೆ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ವಾಹನದ ಬಣ್ಣಗಳು ಆ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ, ಊಟಕ್ಕೆ ಮೊದಲು ಕೈ ತೊಳೆಯಿರಿ.

ಪಾಲಿಷ್, ಮೇಣ ಮತ್ತು ಉಳಿದದ್ದು

ಕಾಂಪೌಂಡ್ ಬಿಟ್ಟುಹೋದ ಮಸುಕನ್ನು ನಯವಾದ ಪಾಲಿಷ್ ತೆಗೆಯುತ್ತದೆ. ಫೋಮ್ ಪ್ಯಾಡ್ ಅಥವಾ ಮೆತ್ತನೆಯ ಬಟ್ಟೆಯಿಂದ ಅದೇ ಕ್ರಮದಲ್ಲಿ ಉಜ್ಜಿದರಾಯಿತು. ಅನಂತರ ಮೇಣ. ಕ್ಲಿಯರ್ ಕೋಟ್ ಇಲ್ಲದ ಬಣ್ಣಕ್ಕೂ ಬಿಸಿಲಿಗೂ ನಡುವೆ ಇರುವ ಮರೆ ಅದೊಂದೇ ಆದ್ದರಿಂದ ಈ ಹಂತವನ್ನು ನಾಳೆಗೆ ಬಿಡಬಾರದು. ಬ್ರೆಜಿಲ್‌ನ ಒಂದು ಬಗೆಯ ತಾಳೆಗರಿಯಿಂದ ತೆಗೆಯುವ ಕಾರ್ನೌಬಾ ಮೇಣವಿರುವ ಪೇಸ್ಟ್ ಆಗಲಿ, ಸಿಂಥೆಟಿಕ್ ಸೀಲೆಂಟ್ ಆಗಲಿ, ಎರಡೂ ನಡೆಯುತ್ತವೆ. ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ತೆಳುವಾಗಿ ಹಚ್ಚಿ, ಮಂಜು ಕಟ್ಟಿದಂತೆ ಬಿಳಿಚಿದ ಮೇಲೆ ಒಣ ಬಟ್ಟೆಯಿಂದ ಒರೆಸಿ. ದಪ್ಪ ಹಚ್ಚಿದರೆ ಹೆಚ್ಚು ಬಾಳಿಕೆ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಕೆಲವರಿಗಿದೆ, ಅದು ಡೀಸೆಲ್‌ನ ತಮ್ಮನೇ ಸರಿ.

ಹಿಂದಿನ ಮರದ ಬಾಡಿಯ ಹಲಗೆಗಳಿಗೆ ಈ ಯಾವ ಕ್ರಮವೂ ಹೊಂದುವುದಿಲ್ಲ. ಮರ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಅಲ್ಲಿ ಬಣ್ಣ ಬಿರಿದೇ ಇರುತ್ತದೆ. ತಿಕ್ಕಿ, ಒಣಗಿಸಿ, ಹೊಸ ಎನಾಮೆಲ್ ಬಳಿಯುವುದೇ ದಾರಿ. ಹಾಗೆ ಬಳಿಯುವಾಗ ಹಳೆಯ ಬಣ್ಣವನ್ನೇ ಆರಿಸಿ, ವಾಹನದ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುವುದರಿಂದ ಬೇರೆ ಬಣ್ಣಕ್ಕೆ ಹೋದರೆ ಆರ್‌ಟಿಒ ಕಚೇರಿಗೆ ಅಲೆಯಬೇಕಾಗುತ್ತದೆ. ಹೊಸ ಎನಾಮೆಲ್ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುವ ಬಣ್ಣವಾದ್ದರಿಂದ ಅದಕ್ಕೆ ಒಂದು ತಿಂಗಳಾದರೂ ಮೇಣ ಹಚ್ಚಬೇಡಿ.

ಬಯಲಿನಲ್ಲೇ ನಿಲ್ಲುವ ಲಾರಿಗೆ ಎರಡು ಮೂರು ತಿಂಗಳಿಗೊಮ್ಮೆ ಮೇಣ ಬೇಕು. ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟದೆ ಹರಡಿಕೊಂಡು ನಿಂತರೆ ಮೇಣ ಹೋಗಿದೆ ಎಂದು ತಿಳಿಯಬಹುದು. ಆಯುಧಪೂಜೆಗೆ ಮುಂಚಿನ ವಾರ ಈ ಕೆಲಸ ಇಟ್ಟುಕೊಳ್ಳುವವರೇ ಹೆಚ್ಚು. ಆದರೆ ಪೂಜೆಯ ದಿನ ಹಚ್ಚಿದ ಅರಿಶಿನ, ಕುಂಕುಮ, ಕುಂಬಳಕಾಯಿ ಒಡೆದಾಗ ಸಿಡಿದ ಓಕುಳಿ, ನಿಂಬೆರಸ ಇವು ಬಿಸಿಲಿಗೆ ಬೆಂದು ಬಣ್ಣದೊಳಕ್ಕೆ ಇಳಿಯದಂತೆ, ಮರುದಿನ ಬೆಳಿಗ್ಗೆ ಗಾಡಿ ಲೋಡಿಗೆ ಹೊರಡುವ ಮೊದಲೇ ಬರಿ ನೀರಿನಿಂದ ತೊಳೆದುಬಿಡಿ.